ಗೆಡ್ಡೆ ಹೆಚ್ಚಿದೆ

“ಗುರುಗಳೇ, ಕ್ಷಮೆ ಸಿಕ್ಕಿದ ಮೇಲೂ ನಾಚಿಕೆ ಯಾಕೆ ಹೋಗುವುದಿಲ್ಲ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಗುರುಪಾದ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ಹದಿನೈದು ದಿನಗಳ ಹಿಂದೆ ಉಗ್ರಾಣದಿಂದ ಒಂದು ತಂಬಿಗೆ ತುಪ್ಪ ಕಾಣೆಯಾಗಿತ್ತು. ಅಡುಗೆಯ ಅಡವಯ್ಯನೇ ತೆಗೆದಿದ್ದಾನೆ ಎಂದು ಗುರುಪಾದ ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತಿರುವಾಗ ಹೇಳಿಬಿಟ್ಟಿದ್ದ. ಆಮೇಲೆ ತಂಬಿಗೆ ಸಿಕ್ಕಿತು. ನಂದಾದೀಪಕ್ಕೆಂದು ಗುಡಿಯ ಗೂಡಿನಲ್ಲಿ ಇಟ್ಟು ಮರೆತವನು ಗುರುಪಾದನೇ. ಅವನು ಅಡವಯ್ಯನ ಕಾಲಿಗೆ ಬಿದ್ದು ಕ್ಷಮೆ ಕೇಳಿದ್ದ. ಅಡವಯ್ಯ “ಆಯಿತು ಬಿಡಿ” ಎಂದಿದ್ದ. ಅಲ್ಲಿಗೆ ಮುಗಿಯಬೇಕಿತ್ತು, ಮುಗಿದಿರಲಿಲ್ಲ. ಅಡವಯ್ಯ ಬಡಿಸಲು ಬಂದರೆ ಗುರುಪಾದ ಎಲೆಯಿಂದ ಕಣ್ಣೆತ್ತುತ್ತಿರಲಿಲ್ಲ.

ಗುರುಗಳು ಕಂಬಳಿ ಹೊದ್ದು ಎಳೆಬಿಸಿಲಿಗೆ ಕೂತಿದ್ದರು. ಅವರು ಸ್ವಲ್ಪ ಮುಂಗೋಪಿ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚು.

“ಕೂತುಕೋ. ಒಂದು ಗಿಡದ ಕತೆ ಹೇಳುತ್ತೇನೆ. ತತ್ವ ಕೇಳಲು ಬಂದವನಿಗೆ ಗಿಡದ ಕತೆ ಎಂದರೆ ಮುಖ ಸಪ್ಪಗಾಗುತ್ತದೆ, ಗೊತ್ತು. ಆದರೂ ಕೇಳು” ಎಂದು ಅವರು ಶುರುಮಾಡಿದರು.

ಬಯಲುಸೀಮೆಯ ಒಬ್ಬ ವರ್ತಕ ಬೆಟ್ಟದ ಮೇಲಿನ ಒಂದು ಊರಿಗೆ ಹೋಗಿ ನೆಲೆಸಿದ. ಒಣಮೆಣಸಿನಕಾಯಿಯ ವ್ಯಾಪಾರ. ಬೆಟ್ಟವೆಂದರೆ ಅಂತಿಂಥ ಬೆಟ್ಟವಲ್ಲ. ಪುಷ್ಯ ಮಾಸದಲ್ಲಿ ಬೆಳಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಬಿದ್ದಿರುತ್ತದೆ. ಹೊರಗಿಟ್ಟ ಹಂಡೆಯ ನೀರನ್ನು ಕೈಯಿಂದ ಒಡೆದು ತೆಗೆಯಬೇಕು. ಅಂಥ ಊರಿನಲ್ಲಿ ಮೆಣಸಿನಕಾಯಿ ಮಾರುವವನಿಗೆ ಅನ್ನಕ್ಕೆ ತೊಂದರೆಯಿಲ್ಲ. ಚಳಿಗೆ ಖಾರ ಬೇಕೇ ಬೇಕು.

ಅವನ ಹೆಂಡತಿ ತವರಿನಿಂದ ಸುರುಳಿಸುಗಂಧಿಯ ಮೂರು ಗೆಡ್ಡೆಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಸುರುಳಿಸುಗಂಧಿ ನಿನಗೆ ಗೊತ್ತಿರಬೇಕು. ಶುಂಠಿಯ ಜಾತಿಯ ಗಿಡ, ಬಿಳಿ ಹೂವು. ಅದಕ್ಕೆ ನೆರಳು ಬೇಕು, ತಂಪು ಬೇಕು. ಬಿಸಿಲಿಗೆ ಇಟ್ಟರೆ ಮುನಿಸಿಕೊಳ್ಳುತ್ತದೆ. ಒಮ್ಮೆ ನೆಟ್ಟರೆ ವರ್ಷ ವರ್ಷವೂ ಅದೇ ಬುಡದಿಂದ ಬರುತ್ತದೆ. ಅವಳ ತವರಿನಲ್ಲಿ ಅದು ಬಚ್ಚಲ ಗೋಡೆಯ ಹಿಂದೆ ವರ್ಷವಿಡೀ ಹಸಿರಾಗಿ ಸೊಂಟದೆತ್ತರ ಬೆಳೆದಿತ್ತು. ಗುರುತು ಪರಿಚಯವಿಲ್ಲದ ಆ ಚಳಿಯ ಊರಿನಲ್ಲಿ ಅವಳಿಗೆ ತನ್ನದು ಎಂದು ಇದ್ದದ್ದು ಆ ಮೂರು ಗೆಡ್ಡೆ ಮಾತ್ರ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಆಲೂಗೆಡ್ಡೆಯಾಗಲಿ, ಬೆಳ್ಳುಳ್ಳಿಯಾಗಲಿ, ಮೊದಲ ಬಿತ್ತನೆಯನ್ನು ಯಾರೂ ತಮ್ಮ ಕೈಯಿಂದ ಹಾಕುತ್ತಿರಲಿಲ್ಲ. ಕೈಗುಣ ಇದ್ದವರನ್ನು ಕರೆಸುತ್ತಿದ್ದರು. ಹಾಗೆ ಕೈಗುಣ ಇದ್ದವಳು ಒಬ್ಬ ತೋಟಗಿತ್ತಿ. ನೆಡುವ ಕಾಲ ಬಂತೆಂದರೆ ಅವಳಿಗೆ ಮನೆಮನೆಯಿಂದ ಕರೆ. ಮೊದಲ ಗೆಡ್ಡೆ ಅವಳ ಕೈಯಿಂದ ಬಿದ್ದರೆ ಮೊರದ ತುಂಬ ರಾಗಿ, ಎಲೆ, ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಆ ರಾಗಿಯಲ್ಲೇ ಅವಳ ವರ್ಷ ಕಳೆಯುತ್ತಿತ್ತು. ಅವಳಿಗೆ ಹೊಲವಿಲ್ಲ, ಗಂಡನಿಲ್ಲ. ಇದ್ದದ್ದು ಆ ಹೆಸರು.

ವರ್ತಕನೂ ಅವಳನ್ನೇ ಕರೆಸಿದ. ಅವಳು ಮನೆಯ ಸುತ್ತ ಒಂದು ಸುತ್ತು ಹಾಕಿ ಬಡಗಣ ಗೋಡೆಯ ನೆರಳಿನಲ್ಲಿ ಮೂರು ಗೆಡ್ಡೆಗಳನ್ನೂ ನೆಟ್ಟಳು. ಮಳೆಗಾಲದಲ್ಲಿ ಗಿಡ ಎದ್ದು ನಿಂತಿತು. ಭಾದ್ರಪದದಲ್ಲಿ ಹೂ ಬಿಟ್ಟಿತು. ವರ್ತಕನ ಹೆಂಡತಿ ತಾನು ಮುಡಿದಳು, ತೋಟಗಿತ್ತಿಗೂ ಮುಡಿಸಿದಳು.

ಮಾರ್ಗಶಿರ ಬಂತು. ಒಂದು ಬೆಳಗ್ಗೆ ಹಿಮ ಬಿತ್ತು. ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಜೋಲುಬಿದ್ದವು. ವಾರದೊಳಗೆ ಕಂದಿದವು. ಪುಷ್ಯ ಬರುವ ಹೊತ್ತಿಗೆ ಕಾಂಡಗಳೂ ನೆಲಕ್ಕೆ ಮಲಗಿದವು. ತೋಟಗಿತ್ತಿ ಬಂದು ಅದರ ಮೇಲೆ ಒಣ ತರಗೆಲೆ ಹರಡಿ ಹೋದಳು.

ವರ್ತಕನಿಗೆ ಗಾಬರಿಯಾಯಿತು. ಅವನ ಸೀಮೆಯಲ್ಲಿ ಗಿಡ ಒಣಗುವುದು ಬಿಸಿಲಿಗೆ. ಒಣಗಿತೆಂದರೆ ಕತೆ ಮುಗಿಯಿತು. ಚಳಿಗೆ ಒಣಗಿ ಮತ್ತೆ ಏಳುವ ಗಿಡವನ್ನು ಅವನ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ. ಅವನು ತರಗೆಲೆಯನ್ನು ಕಸವೆಂದು ಗುಡಿಸಿ ಹಾಕಿದ. ಪಾಪ ಚಳಿಯಾಗುತ್ತದೆ ಎಂದು ದಿನಾ ಬೆಳಗ್ಗೆ ಬುಡಕ್ಕೆ ಉಗುರುಬೆಚ್ಚನೆ ನೀರು ಹೊಯ್ದ. ಅದು ಬೇಡುತ್ತಿದ್ದದ್ದು ಹೊದಿಕೆ ಮತ್ತು ಒಣ ಮಣ್ಣು. ಇವನು ಹೊದಿಕೆ ಕಿತ್ತು ಸ್ನಾನ ಮಾಡಿಸಿದ. ಅಕ್ಕರೆಯಿಂದಲೇ ಮಾಡಿದ, ಇಲ್ಲವೆನ್ನುವುದಿಲ್ಲ. ತಿಳಿಯದವನ ಅಕ್ಕರೆ ತಿಳಿದವನ ಹಗೆಗಿಂತ ಕೆಟ್ಟದ್ದು.

ಗಿಡ ಏಳಲಿಲ್ಲ. ತೋಟಗಿತ್ತಿಗೆ ಹೇಳಿ ಕಳಿಸಿದ. ಅವಳು ಬಂದಳು. ತರಗೆಲೆ ತೆಗೆದವರು ಯಾರು ಎಂದು ಗೊಣಗಿದಳು. ಕೂತು ಮಣ್ಣಿನೊಳಗೆ ಎರಡು ಬೆರಳು ಇಳಿಸಿದಳು. ಅಲ್ಲಿ ಮುಟ್ಟಿದಳು, ಇಲ್ಲಿ ಮುಟ್ಟಿದಳು. ಮುಖ ತುಂಬ ನಗು ಬಂತು.

“ಗೆಡ್ಡೆ ಹೆಚ್ಚಿದೆ, ಸ್ವಾಮಿ” ಎಂದಳು.

ಮತ್ತೆ ತರಗೆಲೆ ಹರಡಿ, ಕೈ ಕೊಡವಿಕೊಂಡು ಹೋದಳು. ಅವಳಿಗೆ ಇನ್ನೂ ನಾಲ್ಕು ಮನೆಯ ಕೆಲಸವಿತ್ತು.

ಗುರುಪಾದ, ನಿಮ್ಮ ಮನೆಯಲ್ಲಿ ಬಳೆ ಒಡೆದರೆ ನಿಮ್ಮ ತಾಯಿ ಏನೆನ್ನುತ್ತಿದ್ದರು? ಒಡೆಯಿತು ಎನ್ನುತ್ತಿರಲಿಲ್ಲ. ಬಳೆ ಹೆಚ್ಚಿತು ಎನ್ನುತ್ತಿದ್ದರು. ಅಕ್ಕಿ ಮುಗಿದರೆ, ಅಕ್ಕಿ ಹೆಚ್ಚಿದೆ, ತನ್ನಿ ಎನ್ನುತ್ತಿದ್ದರು. ಇಲ್ಲ ಎಂಬ ಮಾತು ಮನೆಯೊಳಗೆ ಬರಬಾರದು ಎಂದು ಹಿರಿಯರು ಮಾಡಿದ ಏರ್ಪಾಡು ಅದು. ವರ್ತಕನ ಮನೆಯಲ್ಲಿ ಈ ಏರ್ಪಾಡು ಇನ್ನೂ ಬಿಗಿ. ಉಪ್ಪು, ಎಣ್ಣೆ, ಕುಂಕುಮ, ಏನು ತೀರಿದರೂ ಅಲ್ಲಿ ಹೆಚ್ಚುತ್ತಿತ್ತು. ಬೆಟ್ಟದವರಿಗೆ ಈ ನಯ ಗೊತ್ತಿಲ್ಲ. ಅಲ್ಲಿ ಒಡೆದದ್ದು ಒಡೆಯಿತು, ತೀರಿದ್ದು ತೀರಿತು, ಹೆಚ್ಚಿದ್ದು ಹೆಚ್ಚಿತು. ಮೂರು ಗೆಡ್ಡೆ ಮಣ್ಣಿನೊಳಗೆ ಒಂಬತ್ತಾಗಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವನು ಗಿಡ ಸತ್ತಿತು ಎಂದು ಕೇಳಿಸಿಕೊಂಡ.

ಅದರ ಮೇಲೆ ಆ ನಗು. ಸತ್ತ ಗಿಡದ ಮುಂದೆ ಕೂತು ಹಲ್ಲು ಕಿರಿಯುತ್ತಾಳಲ್ಲ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು.

ಒಳಗೆ ಹೋಗಿ ಹೆಂಡತಿಗೆ, ಗಿಡ ಹೆಚ್ಚಿತಂತೆ ಎಂದ. ಅವಳಿಗೂ ಅದೇ ಮನೆಯ ಮಾತು. ಅವಳು ಒಲೆಯ ಮುಂದೆ ಕೂತವಳು ಬಹಳ ಹೊತ್ತು ಏಳಲಿಲ್ಲ. ಅವಳು ಅತ್ತಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಅವಳು ಅಳಲಿಲ್ಲ. ಅವನು ಒಬ್ಬ ಆಳನ್ನು ಕರೆದು, ಆ ಬುಡವನ್ನು ಮಣ್ಣು ಸಮೇತ ಅಗೆದು ಹಿಂದಿನ ಗೋಡೆಯ ಆಚೆಗೆ ಎಸೆಸಿದ. ತರಗೆಲೆಯನ್ನೂ ಅದರ ಮೇಲೆಯೇ ಸುರಿಸಿದ. ಗುದ್ದಲಿಗೆ ಏನು ಬಂತೆಂದು ಒಮ್ಮೆ ಬಗ್ಗಿ ನೋಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನನಗೂ ಈ ಚಳಿಯಲ್ಲಿ ಗಂಟಲು ನೋಯುತ್ತಿರಲಿಲ್ಲ. ನೋಡಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಮಾರನೆಯ ಸಂತೆಯ ದಿನ ತೋಟಗಿತ್ತಿ ಮೆಣಸಿನಕಾಯಿಗೆಂದು ಅವನ ಅಂಗಡಿಗೇ ಬಂದಳು. ಸುತ್ತ ಬೆಳ್ಳುಳ್ಳಿಯವರು, ಆಲೂಗೆಡ್ಡೆಯವರು, ಕಂಬಳಿಯವರು, ಕೊಳ್ಳಲು ಬಂದವರು, ಸುಮ್ಮನೆ ಬಂದವರು. ವರ್ತಕ ಎದ್ದು ನಿಂತ.

“ಇವಳ ಕೈಗೆ ಗೆಡ್ಡೆ ಕೊಡಬೇಡಿ. ಇವಳು ಮುಟ್ಟಿದ್ದೆಲ್ಲ ಮಣ್ಣು” ಎಂದ.

ತೋಟದವಳು ಮಣ್ಣು ಮುಟ್ಟದೆ ಇನ್ನೇನು ಮುಟ್ಟಬೇಕು, ಅದು ಬೇರೆ ಮಾತು. ಸಂತೆಯವರಿಗೆ ಗಾದೆ ಸಾಕು, ಅರ್ಥ ಬೇಡ. ಯಾರೋ ನಕ್ಕರು. ಅವಳಿಗೆ ಮೊದಲು ವಿಷಯವೇ ತಿಳಿಯಲಿಲ್ಲ. ತಿಳಿದ ಮೇಲೆ, ಮೊದಲ ಮಳೆ ಬೀಳುವವರೆಗೆ ತಾಳಿ ಎಂದು ಕೇಳಿಕೊಂಡಳು. ತಾಳುವುದಕ್ಕೆ ಏನೂ ಉಳಿದಿಲ್ಲ, ಅಗೆದು ಎಸೆದಾಯಿತು ಎಂದು ಅವನು ಹೇಳಿದ. ಎಸೆದಿರಾ ಎಂದು ಅವಳು ಸಣ್ಣ ದನಿಯಲ್ಲಿ ಕೇಳಿದಳು. ಮೆಣಸಿನಕಾಯಿ ಕಟ್ಟಿಸಿಕೊಳ್ಳದೆ ಹೋದಳು. ವರ್ತಕನಿಗೆ ಆ ದಿನ ಚೆನ್ನಾಗಿ ನಿದ್ದೆ ಬಂತು.

ಬಿದ್ದವರಿಗೆ ಆಳಿಗೊಂದು ಕಲ್ಲು. ಹಿಂದಿನ ವರ್ಷ ಆಲೂಗೆಡ್ಡೆ ಕೊಳೆತವನಿಗೆ ಈಗ ನೆನಪಾಯಿತು, ಮೊದಲ ಗೆಡ್ಡೆ ಹಾಕಿದವಳು ಅವಳೇ ಎಂದು. ಚೆನ್ನಾಗಿ ಬೆಳೆದ ನಲವತ್ತು ಮನೆಯವರಿಗೆ ಏನೂ ನೆನಪಾಗಲಿಲ್ಲ. ಮಾಘದಲ್ಲಿ ಬಿತ್ತನೆ ಶುರುವಾಯಿತು. ಅವಳು ದಿನಾ ಬೆಳಗ್ಗೆ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಜಗಲಿಯಲ್ಲಿ ಕೂತಳು. ಒಂದು ಮನೆಯಿಂದಲೂ ಕರೆ ಬರಲಿಲ್ಲ. ಕರೆಯಲು ಬಾರದವರು ದಾರಿಯಲ್ಲಿ ಸಿಕ್ಕರೆ ಬೇರೆ ಕಡೆ ನೋಡಿದರು. ಬಿತ್ತನೆ ಮುಗಿಯಿತು. ಅವಳು ಕಾಡಿಗೆ ಹೋಗಿ ಸೌದೆ ಹೊತ್ತು ತಂದು ಮಾರತೊಡಗಿದಳು. ಮಣ್ಣಿನಲ್ಲಿ ಕೂತು ಕೆಲಸ ಮಾಡಿದ ಬೆನ್ನು ಅದು, ಹೊರೆಗೆ ಒಗ್ಗಿದ್ದಲ್ಲ.

ಚೈತ್ರ ಕಳೆಯಿತು, ಮೊದಲ ಮಳೆ ಬಿತ್ತು. ಎಂಟು ದಿನದ ಮೇಲೆ ವರ್ತಕನ ಪಂಚೆ ಗಾಳಿಗೆ ಹಾರಿ ಹಿಂದಿನ ಗೋಡೆಯ ಆಚೆ ಬಿತ್ತು. ತರಲು ಹೋದ. ಗೋಡೆಯ ನೆರಳಿನಲ್ಲಿ ತರಗೆಲೆಯನ್ನು ತಳ್ಳಿಕೊಂಡು ಬೆರಳುದ್ದದ ಮೊಳಕೆಗಳು ಎದ್ದಿದ್ದವು. ಒಂದು, ಎರಡು ಅಲ್ಲ. ಅವನು ಮಣ್ಣು ಕೆದಕಿ ನೋಡಿದ. ಗೆಡ್ಡೆ ದಪ್ಪಗೆ, ಗಟ್ಟಿಯಾಗಿ, ಒಂದಕ್ಕೊಂದು ಅಂಟಿಕೊಂಡಿತ್ತು. ಶುಂಠಿಯ ವಾಸನೆ ಬಂತು. ಎರಡು ತಿಂಗಳ ಹಿಮ ಅದರ ಮೇಲೆ ಬಿದ್ದಿತ್ತು. ಯಾರೂ ನೀರು ಹಾಕಿರಲಿಲ್ಲ, ಯಾರೂ ಅದರ ಯೋಗಕ್ಷೇಮ ವಿಚಾರಿಸಿರಲಿಲ್ಲ. ಚಳಿ ಬಂದಾಗ ಅದು ಎಲೆಯನ್ನು ಚಳಿಗೆ ಬಿಟ್ಟುಕೊಟ್ಟು ಜೀವವನ್ನು ಕೆಳಗೆ ಇಟ್ಟುಕೊಂಡಿತ್ತು. ಆಗ ಅವನಿಗೆ ಅವಳ ಮಾತು ನೆನಪಾಯಿತು. ಹೆಚ್ಚಿದೆ.

ನಾಚಿಕೆಯಿಂದ ಮಂಡಿಯ ಮೇಲೆಯೇ ಕೂತುಬಿಟ್ಟ. ಆಮೇಲೆ ಅವನು ಮೊದಲು ಮಾಡಿದ್ದೇನು ಗೊತ್ತೇ? ಸುತ್ತ ನೋಡಿದ, ಯಾರಾದರೂ ಕಂಡರೋ ಎಂದು. ಯಾರೂ ಇರಲಿಲ್ಲ. ಒಂದು ಮೊಳಕೆಯನ್ನು ಹಿಡಿದು ಕಿತ್ತ. ಎಲ್ಲವನ್ನೂ ಕಿತ್ತು ಮಣ್ಣು ಮುಚ್ಚಿದರೆ ಅವನು ಸಂತೆಯಲ್ಲಿ ಆಡಿದ ಮಾತು ನಿಜವಾಗಿಯೇ ಉಳಿಯುತ್ತಿತ್ತು. ಎರಡನೆಯದಕ್ಕೆ ಕೈ ಹಾಕಿದ, ಕೀಳಲು ಆಗಲಿಲ್ಲ. ನಗಬೇಡ, ಗುರುಪಾದ. ಆ ಜಾಗದಲ್ಲಿ ಕೂತ ಹೊರತು ಆ ಕೈ ಏನು ಮಾಡುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಮೂರು ದಿನ ಹೆಂಡತಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಹೇಳಿದ. ಅವಳು, ಮೊದಲು ಹೋಗಿ ತೋಟಗಿತ್ತಿಯ ಹತ್ತಿರ ಹೇಳಿ ಬನ್ನಿ, ಆಮೇಲೆ ಗಿಡದ ಮಾತು ಎಂದಳು.

ಅವನು ಒಂದು ಸೀರೆ, ತೆಂಗಿನಕಾಯಿ, ಹಣ್ಣು ಇಟ್ಟುಕೊಂಡು ಹೊರಟ. ಮಟಮಟ ಮಧ್ಯಾಹ್ನ, ಊರವರೆಲ್ಲ ಹೊಲದಲ್ಲಿದ್ದರು. ತೋಟಗಿತ್ತಿ ತನ್ನ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ, ಒಂದನ್ನೂ ಬಚ್ಚಿಡಲಿಲ್ಲ. ತನ್ನ ಮನೆಯಲ್ಲಿ ಹೆಚ್ಚಿದೆ ಎಂದರೆ ತೀರಿತು ಎಂದು ಅರ್ಥ ಎಂಬುದನ್ನೂ ಹೇಳಿದ. ಅವಳು ಅದನ್ನು ಕೇಳಿ ಕೊಡಲಿ ಕೆಳಗಿಟ್ಟು ನಕ್ಕಳು. ನಿಮ್ಮ ಕಡೆ ಗಂಡನಿಗೆ ಆಯುಸ್ಸು ಹೆಚ್ಚಲಿ ಎಂದು ಹರಸುವುದು ಹೇಗೆ ಸ್ವಾಮಿ ಎಂದು ಕೇಳಿದಳು. ಅವನು ನಗಲಾರದೆ ಅವಳ ಕಾಲಿಗೆ ಬಿದ್ದ. ಅವಳು ಹಿಂದಕ್ಕೆ ಸರಿದು, ಏಳಿ, ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಎಂದಳು. ಅದು ಬಾಯಿಮಾತಲ್ಲ, ನಿಜವಾಗಿಯೂ ಇರಲಿಲ್ಲ. ತೆಂಗಿನಕಾಯಿ ಇಟ್ಟುಕೊಂಡು ಸೀರೆ ಹಿಂದಕ್ಕೆ ಕೊಟ್ಟಳು. ಮೊಳಕೆಗಳು ನೆರಳಿನಲ್ಲೇ ಇವೆಯೇ ಎಂದು ವಿಚಾರಿಸಿದಳು. ಸಂಜೆ ಹೊತ್ತಿನಲ್ಲಿ ಎತ್ತಿ ನೆಡಿ, ಬುಡದ ಮಣ್ಣು ಉದುರಿಸಬೇಡಿ, ಬರುವ ಚಳಿಗಾಲದಲ್ಲಿ ಬಿದ್ದ ಕಾಂಡವನ್ನು ಕೊಯ್ಯದೆ ಹಾಗೇ ಬಿಡಿ, ಅದಕ್ಕೆ ಅದೇ ಕಂಬಳಿ ಎಂದು ಹೇಳಿಕೊಟ್ಟಳು.

ವರ್ತಕ ಹಗುರವಾಗಿ ಮನೆಗೆ ಬಂದ. ಆ ಹಗುರ ನಾಲ್ಕು ದಿನ ಇತ್ತು. ಐದನೆಯ ದಿನ ಅವಳು ಸೌದೆಯ ಹೊರೆ ಹೊತ್ತು ಎದುರಿಗೆ ಬಂದಳು. ಹೊರೆಯ ಕೆಳಗಿನಿಂದಲೇ, ಚೆನ್ನಾಗಿದ್ದೀರಾ ಎಂದಳು. ಅವನು ಪಕ್ಕದ ಓಣಿಗೆ ಹೊಕ್ಕುಬಿಟ್ಟ. ಅಲ್ಲಿಂದ ಮುಂದೆ ಅವಳು ಕಾಡಿಗೆ ಹೋಗುವ ಹೊತ್ತು, ಬರುವ ಹೊತ್ತು ತಿಳಿದುಕೊಂಡ, ತಪ್ಪಿಸಿಕೊಳ್ಳುವುದಕ್ಕೆ. ಹೆಂಡತಿ ನೆಟ್ಟ ಗಿಡ ಆ ವರ್ಷ ಬಡಗಣ ಗೋಡೆಯ ಉದ್ದಕ್ಕೂ ಹೂ ಬಿಟ್ಟಿತು. ವಾಸನೆ ಮನೆಯೊಳಗೆಲ್ಲ ಬರುತ್ತಿತ್ತು. ಅವನು ಹಾಸಿಗೆಯನ್ನು ಮುಂದಿನ ಪಡಸಾಲೆಗೆ ಹಾಕಿಸಿಕೊಂಡ.

ಕಡೆಗೆ ತಡೆಯಲಾರದೆ ಇನ್ನೊಮ್ಮೆ ಅವಳ ಹಿತ್ತಲಿಗೆ ಹೋದ. ನೀನು ಈಗ ನನ್ನನ್ನು ಕೇಳಿದೆಯಲ್ಲ, ಅದನ್ನೇ ಅವಳನ್ನು ಕೇಳಿದ.

“ತಾಯಿ, ನೀನು ಕ್ಷಮಿಸಿದ್ದೀಯ. ಆದರೂ ನಿನ್ನ ಮುಖ ನೋಡೋಕೆ ನನಗೆ ನಾಚಿಕೆ. ಯಾಕೆ?”

ಅವಳು ಹೊರೆ ಇಳಿಸಿ, ಅದರ ಕೆಳಗೆ ತಲೆಯ ಮೇಲಿದ್ದ ಬಟ್ಟೆಯ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ನೀವು ಅಂದದ್ದು ಸಂತೇಲಿ, ಕೇಳಿಕೊಂಡದ್ದು ಹಿತ್ತಲಲ್ಲಿ. ನಾನು ಕ್ಷಮಿಸಿದ್ದು ನನಗೆ ಗೊತ್ತು, ನಿಮಗೆ ಗೊತ್ತು. ಸಂತೆಗೆ ಗೊತ್ತಿಲ್ಲ. ಗಿಡ ಚಳಿಗೆ ಸುಟ್ಟುಹೋದರೆ ಕೆಳಗೆ ಗೆಡ್ಡೆ ಇರುತ್ತೆ, ತಾನಾಗಿ ಮೇಲೆ ಬರುತ್ತೆ. ಹೆಸರಿಗೆ ಗೆಡ್ಡೆ ಎಲ್ಲಿದೆ ಸ್ವಾಮಿ?”

ಬರುವ ಸಂತೆಯಲ್ಲಿ ಹೇಳುತ್ತೇನೆ ಎಂದು ಮಾತು ಕೊಟ್ಟು ಅವನು ಬಂದ. ಸಂತೆಗೆ ಹೋದ. ಜನ ಸೇರಿದ್ದರು, ಎದ್ದು ನಿಂತ. ಎದುರಿಗಿದ್ದವನು, ಏನು ಸ್ವಾಮಿ, ಕಾಯಿ ಖಾರವೋ ಎಂದು ಕೇಳಿದ. ಖಾರ ಎಂದು ಹೇಳಿ ಕೂತುಕೊಂಡ. ಮುಂದಿನ ಸಂತೆಗೆ ಮಳೆ ಬಂತು, ಜನ ಕಡಿಮೆ ಇದ್ದಾರೆ ಎಂದುಕೊಂಡ. ಅದರ ಮುಂದಿನದಕ್ಕೆ ಜನ ಹೆಚ್ಚು ಇದ್ದರು, ಇಷ್ಟು ಜನರ ಮುಂದೆ ಹೇಗೆ ಎಂದುಕೊಂಡ. ನೆವಕ್ಕೇನು ಬರವೇ? ಹಾಗೆ ಸಂತೆಯ ಮೇಲೆ ಸಂತೆ ಕಳೆದವು. ಮತ್ತೆ ಹಿಮ ಬಿತ್ತು, ಗಿಡ ಮತ್ತೆ ನೆಲ ಹಿಡಿಯಿತು. ಅವನ ಹೆಂಡತಿ ಬಿದ್ದ ಕಾಂಡವನ್ನು ಕೊಯ್ಯದೆ ಹಾಗೇ ಬಿಟ್ಟಳು. ಮಾಘದ ಬಿತ್ತನೆಗೆ ಇನ್ನು ಒಂದೇ ಸಂತೆ ಉಳಿದಿತ್ತು. ಅದು ತಪ್ಪಿದರೆ ತೋಟಗಿತ್ತಿಗೆ ಇನ್ನೊಂದು ವರ್ಷ ಸೌದೆಯ ಹೊರೆ. ಆ ಬೆನ್ನು ಇನ್ನೊಂದು ವರ್ಷ ತಾಳುವಂತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆ ಸಂತೆಯ ದಿನ ಬೆಳಗ್ಗೆ ಅವನು ಅಂಗಡಿ ಹಾಕಿ, ಮೂಟೆ ಬಿಚ್ಚಿ, ಎದ್ದು ನಿಂತ.

ಗುರುಗಳು ಅಲ್ಲಿಗೆ ನಿಲ್ಲಿಸಿ ಕಂಬಳಿಯನ್ನು ಸರಿಯಾಗಿ ಹೊದ್ದುಕೊಂಡರು. ಗುರುಪಾದ ಕಾದ. ಅವರು ಮುಂದೆ ಹೇಳುವಂತೆ ಕಾಣಲಿಲ್ಲ.

“ಹೇಳಿದನೇ, ಗುರುಗಳೇ?” ಎಂದು ಅವನು ಕೇಳಿದ.

“ಅದಿರಲಿ. ನೀನು ಅಡವಯ್ಯನ ಕಾಲಿಗೆ ಬಿದ್ದಾಗ ಅಡುಗೆಮನೆಯ ಬಾಗಿಲು ಮುಚ್ಚಿದ್ದು ಯಾರು?” ಎಂದರು ಗುರುಗಳು.